53 ಗ್ರೇಡಿನ ಮನುಷ್ಯ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದವರು ಮನೆ ಕಟ್ಟಿಸಿದವರೇ ಇರಬೇಕು. ಕಟ್ಟಿದವರನ್ನು ಯಾರೂ ಗಾದೆ ಕೇಳಲು ಹೋದಂತಿಲ್ಲ. ಮದುವೆಯ ಬಗ್ಗೆ ನಾನು ಏನೂ ಬರೆಯುವಂತಿಲ್ಲ, ಈ ಅಂಕಣವನ್ನು ಮನೆಯಲ್ಲಿ ಓದುತ್ತಾರೆ. ಮನೆಯ ಬಗ್ಗೆ ಮಾತ್ರ ಧೈರ್ಯವಾಗಿ ಬರೆಯಬಹುದು.

ಸೇಡಂನಲ್ಲಿ ಅಪ್ಪನ ಕಾಲದ ಫರಸಿ ಮನೆಯ ಹಿಂದೆ ಖುಲ್ಲಾ ಜಾಗವಿತ್ತು. ಅಲ್ಲಿ ಸಾವಿರ ಚದರಡಿಯ ಹೊಸ ಮನೆ ಎಬ್ಬಿಸಿದೆ. ಸ್ಲ್ಯಾಬ್ ಬಿದ್ದದ್ದು ಮೇ ತಿಂಗಳಲ್ಲಿ. ನಮ್ಮ ಕಡೆಯ ಮೇ ತಿಂಗಳು ಗೊತ್ತಲ್ಲ, ಕಾಗೆಯೂ ಮರ ಬಿಟ್ಟು ಕದಲುವುದಿಲ್ಲ. ಅಂಥ ತಿಂಗಳಲ್ಲಿ ಯಾಕೆ ಅಂತ ನನ್ನನ್ನು ಕೇಳಬೇಡಿ, ಮುಹೂರ್ತ ತೆಗೆದುಕೊಟ್ಟವರನ್ನು ಕೇಳಿ. ಅವರು ಕಲಬುರಗಿಯಲ್ಲಿ ಏಸಿ ಕೆಳಗೆ ಕುಳಿತು ಪಂಚಾಂಗ ನೋಡಿದ್ದರು.

ಸ್ಲ್ಯಾಬಿನ ಹಿಂದಿನ ಸಂಜೆ ಇಂಜಿನಿಯರ್ ಹುಡುಗ ಬಂದ. ಮುಖ ಸಣ್ಣದಾಗಿತ್ತು. ‘ಸರ್, ನಾಳಿ ನಲವತ್ತೆರಡು ಡಿಗ್ರಿ ಅಂತ್ರಿ. ನಲವತ್ತು ದಾಟಿದ್ರ ಕಾಂಕ್ರೀಟಿಗಿ ಭಾಳ ತ್ರಾಸ ಆಗ್ತದ’ ಅಂದ. ನನಗೆ ಎದೆ ಧಸಕ್ಕೆಂದಿತು. ತ್ರಾಸ ಅಂದರೆ ಯಾವ ತರಹದ್ದು? ಅವನು ಮೊಬೈಲು ತೆಗೆದು ಓದಿ ಹೇಳಿದ. ಭಾರತೀಯ ಮಾನಕ 7861, ಮೊದಲ ಭಾಗ. ಉಷ್ಣ ಹವೆಯಲ್ಲಿ ಕಾಂಕ್ರೀಟ್ ಹಾಕುವ ಬಗೆ ಹೇಗೆಂದು ಸರ್ಕಾರ 1975ರಲ್ಲೇ ತಜ್ಞರನ್ನು ಕೂರಿಸಿ ಬರೆಸಿಟ್ಟಿದೆಯಂತೆ. ಖಡಿಯನ್ನು ನೆರಳಿನಲ್ಲಿಡಬೇಕು. ನೀರು ತಂಪಾಗಿರಬೇಕು, ಬೇಕೆಂದರೆ ಐಸ್ ಹಾಕಬೇಕು. ಸೆಂಟ್ರಿಂಗ್ ಹಲಗೆಗೆ ಮೊದಲೇ ನೀರು ಚಿಮುಕಿಸಿ ತಣಿಸಬೇಕು. ಹಾಕಿದ ಮೇಲೆ ಬಿಸಿಗಾಳಿ ಸೋಕದಂತೆ ಒದ್ದೆ ಗೋಣಿತಾಟು ಹೊದಿಸಬೇಕು. ಇಲ್ಲವಾದರೆ ಮೈಮೇಲೆ ಬಿರುಕು ಬಿಡುತ್ತದೆ, ಮುಂದೆ ತಾಕತ್ತು ಬರುವುದಿಲ್ಲ.

ಇಷ್ಟು ಕರುಣೆಯ ಸರ್ಕಾರಿ ಕಾಗದವನ್ನು ನಾನು ಜನ್ಮದಲ್ಲಿ ಓದಿರಲಿಲ್ಲ. ಕಣ್ಣು ಒದ್ದೆಯಾಯಿತು. ರಾತ್ರೋರಾತ್ರಿ ಶಾಮಿಯಾನದವನಿಗೆ ಫೋನು ಮಾಡಿ ಖಡಿಯ ಗುಡ್ಡೆಗೆ ನೆರಳು ಮಾಡಿಸಿದೆ. ಕಬ್ಬಿನ ಹಾಲಿನ ಗಾಡಿಗಳಿಗೆ ಐಸ್ ಹಾಕುವವನಿಂದ ಎರಡು ಗಡ್ಡೆ ಐಸ್ ತರಿಸಿ, ಹೊಟ್ಟು ಮುಚ್ಚಿ, ಡ್ರಮ್ಮಿನ ಪಕ್ಕ ಇಟ್ಟೆ.

ಬೆಳಗ್ಗೆ ಎಂಟಕ್ಕೆ ತೆಂಗಿನಕಾಯಿ ಒಡೆದು ಮಷಿನ್ ಚಾಲೂ ಆಯಿತು. ಇಪ್ಪತ್ನಾಲ್ಕು ಆಳು, ಗಂಡಸರು ಹೆಂಗಸರು ಕೂಡಿ. ಹನ್ನೊಂದರ ಹೊತ್ತಿಗೆ ಬುಟ್ಟಿ ದಾಟಿಸುತ್ತಿದ್ದ ಒಬ್ಬ ಹೆಣ್ಣುಮಗಳು ಸಾಲು ಬಿಟ್ಟು ಕೆಳಗಿಳಿದು, ಐಸಿನ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಇಂಜಿನಿಯರ್ ಹುಡುಗ ಓಡಿಬಂದ. ‘ಅಕ್ಕಾ, ಅದು ಕಾಂಕ್ರೀಟಿಂದದ!’

ಅವನದೇನೂ ತಪ್ಪಿಲ್ಲ. ಅವನು ಓದಿದ ಮಾನಕದಲ್ಲಿ ಖಡಿ ಇತ್ತು, ಉಸುಕು ಇತ್ತು, ನೀರು ಇತ್ತು, ಸಿಮೆಂಟ್ ಇತ್ತು. ಅಕ್ಕ ಇರಲಿಲ್ಲ.

ಅಂದು ಶಾಮಿಯಾನದ ಅಂಚಿನಲ್ಲಿ, ಖಡಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದರಿಂದ ನನಗೆ ಲೆಕ್ಕ ಹಾಕಲು ಪುರಸೊತ್ತು ಸಿಕ್ಕಿತು. ಸಾವಿರ ಚದರಡಿ, ಐದು ಇಂಚು ದಪ್ಪ. ಅಂದರೆ ಹೆಚ್ಚುಕಡಿಮೆ 11.8 ಘನ ಮೀಟರ್. ಘನ ಮೀಟರಿಗೆ 2,400 ಕೆ.ಜಿ. ಹಿಡಿದರೂ ಒಟ್ಟು 28 ಟನ್. ಒಂದು ಬುಟ್ಟಿಗೆ ಇಪ್ಪತ್ತು ಕೆ.ಜಿ. ಮಾಲು ಅಂದರೆ 1,400 ಬುಟ್ಟಿ. ಆಳುಗಳು ಎರಡು ಸಾಲು ನಿಂತಿದ್ದರು, ಸಾಲಿಗೆ 700 ಬುಟ್ಟಿ. ಈ ಸಾಲಿನ ಚೆಂದವೇನೆಂದರೆ ಇಲ್ಲಿ ಭಾರ ಹಂಚಿಹೋಗುವುದಿಲ್ಲ. ಪ್ರತಿಯೊಂದು ಬುಟ್ಟಿಯೂ ಪ್ರತಿಯೊಬ್ಬರ ಕೈ ದಾಟಿಯೇ ಮೇಲೆ ಹೋಗಬೇಕು. ಸಾಲಿನಲ್ಲಿ ನಿಂತ ಒಬ್ಬೊಬ್ಬರೂ ಅಂದು ಹದಿನಾಲ್ಕು ಟನ್ ಎತ್ತಿ ಮುಂದಿನವರ ಕೈಗಿಟ್ಟರು, ನಲವತ್ತು ಸೆಕೆಂಡಿಗೊಂದು ಬುಟ್ಟಿಯ ಹಾಗೆ. ಖಾಲಿ ಬುಟ್ಟಿ ವಾಪಸು ಬರುವುದು ಬೇರೆ, ಅದನ್ನು ಆರಾಮ ಅಂತ ಹಿಡಿಯೋಣ.

ಲಾರಿಗಾದರೆ ಕಾರ್ಖಾನೆ ಗೇಟಿನಲ್ಲಿ ವೇ ಬ್ರಿಜ್ ಇರುತ್ತದೆ. ಒಂದು ಟನ್ ಜಾಸ್ತಿ ಹೇರಿದರೆ ಆರ್‌ಟಿಓ ಸಾಹೇಬರು ದಾರಿಯಲ್ಲಿ ನಿಲ್ಲಿಸಿ ಮಾತಾಡಿಸುತ್ತಾರೆ. ಆಳಿಗೂ ಕಾಯ್ದೆ ಇಲ್ಲವೆಂದಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ ಬೆನ್ನಿಗೆ ಕೇಂದ್ರ ಸರ್ಕಾರ 1998ರಲ್ಲಿ ಮಾಡಿದ ನಿಯಮಗಳಲ್ಲಿ, ಬೇರೆಯವರ ಸಹಾಯವಿಲ್ಲದೆ ಗಂಡಾಳು ಎತ್ತಬಹುದಾದದ್ದು 55 ಕೆ.ಜಿ., ಹೆಣ್ಣಾಳು 30 ಕೆ.ಜಿ. ಎಂದು ಬರೆದಿದೆ. ಸಿಮೆಂಟ್ ಚೀಲದ ತೂಕ 50. ಉಳಿದ ಐದು ಕೆ.ಜಿ. ಅವನ ರೊಟ್ಟಿ ಬುತ್ತಿಗೆ ಬಿಟ್ಟಿರಬೇಕು. ಒಂದು ಸಲಕ್ಕೆ ಎಷ್ಟು ಅಂತ ನಿಯಮ ಕೇಳುತ್ತದೆ, ದಿನಕ್ಕೆ ಎಷ್ಟು ಸಲ ಅಂತ ಕೇಳುವುದಿಲ್ಲ. ಏಳುನೂರು ಸಲ ಇಪ್ಪತ್ತು ಕೆ.ಜಿ. ಎತ್ತಿದ ಹೆಣ್ಣುಮಗಳು ಏಳುನೂರು ಸಲವೂ ಕಾಯ್ದೆಯನ್ನು ಪಾಲಿಸಿದಳು. ಆ 1996ರ ಕಾಯ್ದೆಯನ್ನೂ ಈಗ 2020ರ ಕಾರ್ಮಿಕ ಸಂಹಿತೆಯೊಳಗೆ ಮಡಚಿ ಇಟ್ಟಿದ್ದಾರೆ. ಚೀಲದ ತೂಕವಂತೂ ಬದಲಾಗಿಲ್ಲ.

ಮಧ್ಯಾಹ್ನ ಒಂದೂವರೆಗೆ ತಹಶೀಲ್ ಕಚೇರಿಯ ನನ್ನ ಗೆಳೆಯ ಬೈಕಿನಲ್ಲಿ ಮನೆಗೆ ಹೋಗುತ್ತ ನಿಂತ. ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ 1:30ರವರೆಗೆ. ಬಿಸಿಲು ಜಾಸ್ತಿ ಎಂಬ ಕಾರಣಕ್ಕೆ ಬೆಂಗಳೂರಿನಿಂದಲೇ ಆದೇಶ ಬರುತ್ತದೆ. ಇದನ್ನು ನಾನು ಟೀಕಿಸುತ್ತಿಲ್ಲ, ಫೈಲುಗಳು ನಲವತ್ತೆರಡು ಡಿಗ್ರಿಯಲ್ಲಿ ಮುಂದೆ ಸರಿಯುವುದಿಲ್ಲ. ಹದಿನೆಂಟು ಡಿಗ್ರಿಯಲ್ಲೂ ಸರಿಯುವುದಿಲ್ಲ, ಅದು ಬೇರೆ ಮಾತು. ಗೆಳೆಯ ತಲೆಗೆ ಸುತ್ತಿದ ಟವೆಲ್ ಬಿಚ್ಚಿ, ನನ್ನ ಪಾಲಿನ ಮಜ್ಜಿಗೆ ಕುಡಿದು, ಮೇಲೆ ನೋಡಿ ಹೇಳಿದ: ‘ಇವ್ರಿಗಿ ಬಿಸಲು ರೂಢಿ ಆಗಿರ್ತದ ಬಿಡ್ರಿ.’

ಇದನ್ನೇ ವಿದ್ವಾಂಸರು ದೈಹಿಕ ಸದೃಢತೆ ಅನ್ನುವುದು. ನಮಗೆ ರೂಢಿಯಾಗದ್ದು ಅವರಿಗೆ ರೂಢಿಯಾಗಿದೆ ಎಂಬ ನಮ್ಮ ನಂಬಿಕೆ. ಬಿಸಿಲೆಂದು ಸ್ಲ್ಯಾಬನ್ನು ನಡುವೆ ನಿಲ್ಲಿಸುವಂತಿಲ್ಲ, ಹಳೆಯದರ ಮೇಲೆ ಹೊಸದು ಬಿದ್ದರೆ ಜಾಯಿಂಟ್ ಬರುತ್ತದೆ, ಮಳೆಗಾಲದಲ್ಲಿ ಸೋರುತ್ತದೆ. ಆಳಿನ ಮೊಣಕಾಲಿನಲ್ಲಿ, ಸೊಂಟದಲ್ಲಿ, ಭುಜದಲ್ಲಿ ಎಷ್ಟು ಜಾಯಿಂಟ್ ಇದ್ದರೂ ಸೋರುವುದಿಲ್ಲವಾದ್ದರಿಂದ ಇಂಜಿನಿಯರಿಂಗ್‌ನಲ್ಲಿ ಅವಕ್ಕೆ ಮಹತ್ವವಿಲ್ಲ.

ಈಗ ಗ್ರೇಡಿನ ವಿಷಯಕ್ಕೆ ಬರುತ್ತೇನೆ. ಸಿಮೆಂಟ್ ಚೀಲದ ಮೇಲೆ ‘53 ಗ್ರೇಡ್’ ಅಂತ ದಪ್ಪಕ್ಷರದಲ್ಲಿ ಹೊಡೆದಿರುತ್ತಾರೆ. 33, 43, 53 ಅಂತ ಮೂರು ದರ್ಜೆ. ಸಿಮೆಂಟಿನ ಗಟ್ಟಿಯನ್ನು 28ನೇ ದಿನ ಯಂತ್ರದ ಬಾಯಲ್ಲಿಟ್ಟು ಒತ್ತುತ್ತಾರೆ. ಚದರ ಮಿಲಿಮೀಟರಿಗೆ 53 ನ್ಯೂಟನ್ ತಡೆದುಕೊಂಡರೆ 53 ಗ್ರೇಡ್. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಉಗುರಿನಷ್ಟು ಜಾಗದ ಮೇಲೆ ಐದು ಕ್ವಿಂಟಲ್‌ಗೂ ಮೀರಿದ ಭಾರ, ಐದು ಚೀಲಕ್ಕಿಂತ ಹೆಚ್ಚು ತೊಗರಿ. ಅಂಕಿ ಏರಿದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ರೇಟು.

ಮನುಷ್ಯರಿಗೂ ಇದೇ ಮೂರು ಗ್ರೇಡ್ ಇವೆ, ತಿರುಗಾಮುರುಗಾ ಅಷ್ಟೆ. 33ರ ಆಳು ಚೀಲ ಹೊತ್ತು ಏಣಿ ಹತ್ತುವಾಗ ಹಾಡು ಗುನುಗುತ್ತಾನೆ. 43ರವನು ಹೊರುತ್ತಾನೆ, ಹಾಡುವುದಿಲ್ಲ. 53ರವನನ್ನು ಬೆಳಗ್ಗೆ ಅಡ್ಡೆಯಲ್ಲಿ ಗುತ್ತೇದಾರ ಮುಖ ನೋಡಿ, ತೋಳು ನೋಡಿ, ‘ಕಾಕಾ, ನೀ ನಾಳಿ ಬಾ’ ಅನ್ನುತ್ತಾನೆ. ಪಿಂಚಣಿ ಅರವತ್ತಕ್ಕೆ. ಸಿಮೆಂಟನ್ನು ಮೂರು ತಿಂಗಳು ಗೋದಾಮಿನಲ್ಲಿಟ್ಟರೆ ಮತ್ತೆ ಪರೀಕ್ಷೆ ಮಾಡದೆ ಬಳಸಬಾರದು ಅನ್ನುತ್ತಾರೆ. 53ರಿಂದ 60ರ ನಡುವಿನ ಏಳು ವರ್ಷ ಮನುಷ್ಯನನ್ನು ಯಾವ ಗೋದಾಮಿನಲ್ಲಿಡಬೇಕು ಅಂತ ಹೇಳಿದವರಿಲ್ಲ.

ನನ್ನ ಮನೆ ಕಟ್ಟಿದ ಗೌಂಡಿ ಕಾಕಾನಿಗೆ 53. ಕೈಯಲ್ಲಿ ಕಸಬು ಇರುವುದರಿಂದ ಅಡ್ಡೆಯಲ್ಲಿ ನಿಲ್ಲುವ ಪ್ರಸಂಗ ಅವನಿಗೆ ಇನ್ನೂ ಬಂದಿಲ್ಲ. ಕಾಕಾ ಅಂತ ಕರೆದರೂ ನನಗೂ ಅವನಿಗೂ ಒಂದೇ ವಯಸ್ಸು, ಇದು ಗೊತ್ತಾದದ್ದು ತಡವಾಗಿ. ನನಗೆ ಸೊಂಟ ನೋವಿದೆ, ಕುರ್ಚಿಯಲ್ಲಿ ಕುಳಿತು ಬರೆದು ಬರೆದು ಬಂದದ್ದು. ನೀರಿನ ಬಕೆಟ್ಟೂ ಎತ್ತಬಾರದು ಅಂತ ಡಾಕ್ಟರು ಹೇಳಿದ್ದಾರೆ. ಸಂಜೆ ನಾನು ಅವನೆದುರು ಈ ಕಷ್ಟ ಹೇಳಿಕೊಂಡಾಗ ಅವನು ಬುಟ್ಟಿ ಕೆಳಗಿಟ್ಟು, ನಿಜವಾದ ಕಾಳಜಿಯಿಂದ, ‘ಶೇಂಗಾ ಎಣ್ಣಿ ಬೆಚ್ಚಗ ಮಾಡಿ ತಿಕ್ರಿ ಸರ, ನೀವು ಭಾಳ ಕುಂದರ್ತೀರಿ’ ಅಂದ. ಅವನ ನೋವಿಗೆ ಏನು ಮಾಡುತ್ತಾನೆಂದು ಕೇಳಿದೆ. ಮೂರು ಔಷಧ ಹೇಳಿದ. ಬೆಳಗ್ಗೆ ತಂಬಾಕು, ಮಧ್ಯಾಹ್ನ ಮೆಡಿಕಲ್ ಅಂಗಡಿಯ ಹೆಸರಿಲ್ಲದ ಗುಳಿಗೆ, ರಾತ್ರಿ ತೊಂಬತ್ತರ ಪ್ಯಾಕೆಟ್. ಸಾರಾಯಿಯನ್ನು 2007ರಲ್ಲಿ ಬಂದ್ ಮಾಡಿದ ಸರ್ಕಾರ, ಮೈನೋವನ್ನು ಬಂದ್ ಮಾಡಲಾಗಲಿಲ್ಲವಾದ್ದರಿಂದ ಎಂಎಸ್‌ಐಎಲ್ ಅಂಗಡಿ ತೆರೆದಿಟ್ಟಿದೆ. ಆರೋಗ್ಯ ಇಲಾಖೆಯ ಉಪಕೇಂದ್ರದಂತೆ ಅದರ ಬಾಗಿಲು ಹಾಕಿದ್ದನ್ನು ನಾನಂತೂ ಕಂಡಿಲ್ಲ. ಇನ್ನು ತಂಬಾಕಿನ ಜೊತೆ ತಿಕ್ಕುವ ಸುಣ್ಣ, ಅದೂ ಸುಣ್ಣದಕಲ್ಲೇ. ನಮ್ಮ ನೆಲದ ಇದೇ ಕಲ್ಲು ಭಟ್ಟಿಯಲ್ಲಿ ಬೆಂದು ಚೀಲ ಸೇರಿದರೆ ದೇಶ ಕಟ್ಟುತ್ತದೆ, ಡಬ್ಬಿ ಸೇರಿದರೆ ದೇಶ ಕಟ್ಟುವವನ ತುಟಿಯೊಳಗೆ ಕೂರುತ್ತದೆ.

ಈ ಕಲ್ಲಿನ ಮೇಲೆಯೇ ಇದೆ ನಮ್ಮ ಐಶ್ವರ್ಯವೆಲ್ಲ. ಸೇಡಂ, ಮಳಖೇಡ, ವಾಡಿ, ಚಿತ್ತಾಪುರ ತಾಲ್ಲೂಕಿನ ಇಟಗಾ, ಚಿಂಚೋಳಿ ತಾಲ್ಲೂಕಿನ ಛತ್ರಸಾಲ, ಎಲ್ಲಿ ನಿಂತು ನೋಡಿದರೂ ದಿಗಂತದಲ್ಲಿ ಒಂದು ಚಿಮಣಿ. ವಾಡಿಯ ಸಿಮೆಂಟ್ ಕಾರ್ಖಾನೆ 1968ರದ್ದು, ಶಹಾಬಾದಿನಲ್ಲಿ ಅದಕ್ಕೂ ದಶಕಗಳ ಹಿಂದೆ, ನಿಜಾಮರ ಕಾಲಕ್ಕೇ ಸಿಮೆಂಟ್ ಬೇಯುತ್ತಿತ್ತು. ಒಂಬತ್ತನೇ ಶತಮಾನದಲ್ಲಿ ಕಾಗಿಣಾ ದಂಡೆಯ ಮಳಖೇಡದಲ್ಲಿ ಕುಳಿತು ಕನ್ನಡ ನಾಡು ಎಲ್ಲಿಂದ ಎಲ್ಲಿಯವರೆಗೆ ಅಂತ ಹೇಳಿದ ರಾಷ್ಟ್ರಕೂಟರಿಗೆ ಎರಡು ನದಿ ಸಾಕಾಗಿತ್ತು. ಈಗ ನಮ್ಮ ಲಾರಿಗಳು ಆ ಎರಡೂ ನದಿ ದಾಟಿಹೋಗಿವೆ. ಶಹಾಬಾದಿ ಫರಸಿಯಂತೂ ಹೈದರಾಬಾದು, ಪುಣೆ, ಮುಂಬಯಿಯ ಹಳೇ ಮನೆಗಳ ನೆಲದಲ್ಲಿ ಯಾವಾಗಲೋ ಹೋಗಿ ಮಲಗಿದೆ. ಆ ಕಲ್ಲು ಖಣಿಯಲ್ಲಿ ಪುಸ್ತಕದ ಹಾಳೆಯ ಹಾಗೆ ಪದರು ಪದರಾಗಿ ಇರುತ್ತದೆ. ಹಾರೆ ತೂರಿಸಿ, ಉಳಿ ಹೊಡೆದು, ಮುರಿಯದಂತೆ ಎಬ್ಬಿಸಬೇಕು. ಎಬ್ಬಿಸುವವನು ದಿನವಿಡೀ ಬಗ್ಗಿರಬೇಕು. ಕಲ್ಲು ಸಪಾಟಾಗಿ ಹೊರಬರುತ್ತದೆ, ಮನುಷ್ಯ ಬಾಗಿ ಹೊರಬರುತ್ತಾನೆ. ಬಾಗಿದ ಫರಸಿಯನ್ನು ಮಾತ್ರ ಗಿರಾಕಿ ವಾಪಸು ಕಳಿಸುತ್ತಾನೆ.

ಚೀಲ ಹೋದ ದಾರಿಯಲ್ಲೇ ಜನವೂ ಹೋಗುತ್ತಾರೆ. ವಾಡಿ ಜಂಕ್ಷನ್ ಇರುವುದೇ ಅದಕ್ಕೆ ಅನ್ನಿಸುವಷ್ಟು. ಸಿಕಂದರಾಬಾದಿಗೆ ನಿಜಾಮರ ರೈಲು ಇಲ್ಲಿಂದ ಕವಲೊಡೆದದ್ದು 1874ರಲ್ಲಿ. ಆವತ್ತಿನಿಂದ ಈ ಊರಿಗೆ ಸಾಗಿಸುವುದೇ ಕಸಬು. ಒಂದು ಹಳಿಯ ಮೇಲೆ ಸಿಮೆಂಟಿನ ವ್ಯಾಗನ್. ಬಾಗಿಲು ಭದ್ರ, ಒಳಗೆ ತೇವ ತಾಗಬಾರದು, ತಾಗಿದರೆ ಮಾಲು ಹಾಳು. ಇನ್ನೊಂದು ಹಳಿಯ ಮೇಲೆ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ. ಚಿಂಚೋಳಿ ತಾಂಡಾಗಳ, ಚಿತ್ತಾಪುರ ಹಳ್ಳಿಗಳ ಹುಡುಗರು ಸಂಡಾಸಿನ ಬಾಗಿಲಿಗೆ ಬೆನ್ನು ಕೊಟ್ಟು, ಮಡಿಲಲ್ಲಿ ರೊಟ್ಟಿಯ ಗಂಟು ಇಟ್ಟುಕೊಂಡು ಬೆಂಗಳೂರಿಗೋ ಮುಂಬಯಿಗೋ ಹೋಗುತ್ತಾರೆ. ಅಲ್ಲಿ ಇಬ್ಬರೂ ಒಂದೇ ಅಂಗಳದಲ್ಲಿ ಇಳಿಯುತ್ತಾರೆ. ಚೀಲಗಳನ್ನು ನೆಲದ ತಂಪು ಹತ್ತದಂತೆ ಹಲಗೆಯ ಮೇಲೆ ಪೇರಿಸಿ ತಾಡಪತ್ರಿ ಹೊದಿಸುತ್ತಾರೆ. ಹುಡುಗರಿಗೆ ತಗಡಿನ ಶೆಡ್. ಹಲಗೆ ಉಳಿದರೆ ಕೇಳಿ ಇಸಕೊಳ್ಳಬಹುದು.

ಇಲ್ಲಿಯವರೆಗೆ ಮೈಯ ಮಾತಾಯಿತು. ಮಾನಸಿಕ ಸದೃಢತೆ ಅಂತ ಇನ್ನೊಂದಿದೆ. ಕಟ್ಟಡ ಕೆಲಸಕ್ಕೆ ಅದೂ ಅಷ್ಟೇ ಬೇಕು ಅಂತ ತಿಳಿದವರು ಹೇಳುತ್ತಾರೆ. ಅದೇನೆಂದು ನನಗೆ ಅಡುಗೆಮನೆ ಕಟ್ಟುವಾಗ ತಿಳಿಯಿತು.

ನಕ್ಷೆಯ ಪ್ರಕಾರ ಅಡುಗೆಮನೆಯ ಗೋಡೆ ಎದ್ದಿತ್ತು. ವಾಸ್ತು ನೋಡುವವರು ಬಂದು, ಒಲೆ ಆಗ್ನೇಯದಲ್ಲಿಲ್ಲ, ಎರಡಡಿ ಆಚೆ ಸರಿಸಿ ಅಂದರು. ಕಾಕಾ ಒಡೆದ. ಕಟ್ಟಿದ. ನನ್ನ ಮೈದುನ ಹೈದರಾಬಾದಿನಿಂದ ಬಂದು, ಈಗೆಲ್ಲ ಓಪನ್ ಕಿಚನ್, ಗೋಡೆ ಯಾಕೆ ಅಂದ. ಕಾಕಾ ಒಡೆದ. ನನ್ನ ಹೆಂಡತಿ, ಒಗ್ಗರಣೆ ವಾಸನೆ ಹಾಲ್‌ಗೆ ಬಂದರೆ ಮೈದುನ ಬಂದು ಒರೆಸುತ್ತಾನೇನು ಅಂದಳು. ಕಾಕಾ ಕಟ್ಟಿದ. ಅದೇ ಗೋಡೆ, ಅದೇ ಇಟ್ಟಿಗೆ, ಮೂರನೇ ಸಲ. ಒಳಂಬ ಇಳಿಬಿಟ್ಟ, ಗುಣ್ಯಾ ಹಿಡಿದ, ಒಂದು ಕಣ್ಣು ಮುಚ್ಚಿ ನೋಡಿದ, ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ನಾನು ನಾಚಿಕೆಯಿಂದ, ಬೇಜಾರಾಯ್ತೇನು ಕಾಕಾ ಅಂದೆ. ‘ನಂದೇನದ ಸರ, ಹಾಜರಿ ಹತ್ತಲಕತ್ತದಲ್ಲ’ ಅಂದ. ನಾನು ಬರೆದ ಒಂದು ಪ್ಯಾರಾವನ್ನು ಸಂಪಾದಕರು ಒಡೆದರೆ ನನಗೆ ಎರಡು ದಿನ ಊಟ ಸೇರುವುದಿಲ್ಲ.

ಇಂಜಿನಿಯರ್ ಹುಡುಗನ ನಕ್ಷೆಯಲ್ಲಿ ಮೆಟ್ಟಿಲಿನ ಲೆಕ್ಕ ಒಂದು ಕಡೆ ತಪ್ಪಿತ್ತು. ಹಾಗೇ ಕಟ್ಟಿದ್ದರೆ ಕೊನೆಯ ಮೆಟ್ಟಿಲು ಹತ್ತುವವನ ಹಣೆ ಸಜ್ಜೆಗೆ ಬಡಿಯುತ್ತಿತ್ತು. ಕಾಕಾ ಅದನ್ನು ಕಂಡ. ಅವನಿಗೆ ನಕ್ಷೆ ಓದಲು ಬರುವುದಿಲ್ಲ, ಆದರೆ ಹಣೆ ಎಲ್ಲಿರುತ್ತದೆ ಅಂತ ಗೊತ್ತು. ಹುಡುಗನಿಗೆ ಬೇಸರವಾಗದಂತೆ, ‘ಸಾಹೇಬ್ರ, ನೀವು ಹೇಳ್ದಂಗೇ ಅದ, ಇಲ್ಲೊಂದು ಕಡಿ ಅರ್ಧ ಇಂಚ್ ಹಿಂಗ ಮಾಡ್ತೀನಿ’ ಅನ್ನುತ್ತ ಪ್ರತಿ ಮೆಟ್ಟಿಲಿನಲ್ಲೂ ಅಷ್ಟಷ್ಟು ಕದ್ದು ಸರಿಮಾಡಿಬಿಟ್ಟ. ತಪ್ಪು ಮಾಡಿದವನ ಮರ್ಯಾದೆ ಕಾಯುತ್ತ ತಪ್ಪು ತಿದ್ದುವ ಈ ವಿದ್ಯೆಯನ್ನು ಯಾವ ಆಡಳಿತ ಸೇವೆಯ ಪರೀಕ್ಷೆಯಲ್ಲೂ ಕೇಳುವುದಿಲ್ಲ. ದಿನದ ಕೊನೆಗೆ ಫೀಸು ಹುಡುಗನಿಗೆ, ಹಾಜರಿ ಕಾಕಾನಿಗೆ.

ನಾಳೆ ಕೆಲಸ ಇದೆಯೋ ಇಲ್ಲವೋ ಎಂಬುದನ್ನು ತಿಳಿಯದೆ ರಾತ್ರಿ ಮಲಗುವುದೂ ಈ ಸದೃಢತೆಯೊಳಗೇ ಬರುತ್ತದೆ. ಹೊಳೆ ಉಸುಕಿಗೆ ತಡೆ ಬಿದ್ದರೆ ಕೆಲಸ ನಿಂತಿತು, ಮಾಲೀಕನ ತೊಗರಿಗೆ ರೇಟು ಬರದಿದ್ದರೆ ನಿಂತಿತು. 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,64,033 ಜನರಲ್ಲಿ 42,004 ಮಂದಿ ದಿನಗೂಲಿಯವರು ಅಂತ ಕೇಂದ್ರದ ಅಪರಾಧ ದಾಖಲೆ ಬ್ಯೂರೋ ಬರೆದಿದೆ. ಕಟ್ಟಡದವರಷ್ಟೇ ಅಲ್ಲ, ಬೇರೆ ಕಸುಬಿನ ಕೂಲಿಕಾರರೂ ಅದರಲ್ಲಿ ಸೇರಿದ್ದಾರೆ. ಆ ಸಾಲನ್ನು ವ್ಯಂಗ್ಯವಾಗಿ ಹೇಗೆ ಬರೆಯಬೇಕೆಂದು ನನಗೆ ಹೊಳೆಯಲಿಲ್ಲ, ಹಾಗೇ ಬಿಟ್ಟಿದ್ದೇನೆ.

ಇವರ ಮೇಲೆ ಸರ್ಕಾರಕ್ಕೆ ಪ್ರೀತಿ ಇಲ್ಲವೆಂದು ಯಾರೂ ಹೇಳಕೂಡದು. 2020ರ ಮೇ ತಿಂಗಳ ಮೊದಲ ವಾರ ನೆನಪು ಮಾಡಿಕೊಳ್ಳಿ. ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದ ಹೊರರಾಜ್ಯದ ಕಾರ್ಮಿಕರು ಊರಿಗೆ ಹೋಗುತ್ತೇವೆ ಅಂದಾಗ, ಮುಖ್ಯಮಂತ್ರಿಗಳು ಬಿಲ್ಡರುಗಳ ಜೊತೆ ಸಭೆ ಮಾಡಿದ್ದೇ ತಡ, ಶ್ರಮಿಕ ರೈಲುಗಳು ಬೇಡವೆಂದು ನಮ್ಮ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ನೀವಿಲ್ಲದೆ ನಮಗೆ ದಿನ ಹೋಗುವುದಿಲ್ಲ ಎಂದು ಸರ್ಕಾರವೊಂದು ಕೂಲಿಯವರ ಸೆರಗು ಹಿಡಿದು ನಿಲ್ಲಿಸಿದ ಉದಾಹರಣೆ ಚರಿತ್ರೆಯಲ್ಲಿ ಕಡಿಮೆ. ಊರೆಲ್ಲ ಉಗಿದ ಮೇಲೆ ಎರಡು ಮೂರು ದಿನಕ್ಕೆ ಸೆರಗು ಬಿಟ್ಟರು.

ಮತ್ತೆ ನಮ್ಮದು ಹೆಸರಿನಲ್ಲೇ ಕಲ್ಯಾಣವಿರುವ ಪ್ರದೇಶ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಅದರ ಮೇಲೆ ಕಟ್ಟಡ ಕಾರ್ಮಿಕರಿಗೆಂದೇ ಒಂದು ಕಲ್ಯಾಣ ಮಂಡಳಿ ಇದೆ. ಕಲ್ಯಾಣದೊಳಗೆ ಕಲ್ಯಾಣ, ಹೋಳಿಗೆಯೊಳಗೆ ಹೂರಣವಿದ್ದಂತೆ. ಕಟ್ಟಡದ ಖರ್ಚಿನ ಮೇಲೆ ಶೇ 1ರಷ್ಟು ಸೆಸ್ ವಸೂಲು ಮಾಡಿ ಈ ಮಂಡಳಿಗಳನ್ನು ನಡೆಸುತ್ತಾರೆ. ಈ ಸೆಸ್ ಹಣ ಕೆಲವು ಕಡೆ ಲ್ಯಾಪ್‌ಟಾಪ್‌ಗೂ ವಾಷಿಂಗ್ ಮಷಿನ್‌ಗೂ ಖರ್ಚಾದ ಸಂಗತಿ 2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೇ ಬಂತು. ಮಾಲು ಹತ್ತಿದ ಬಟ್ಟೆ ಒಗೆಯುವುದು ಎಷ್ಟು ಕಷ್ಟ ಅಂತ ಯಾರೋ ಪುಣ್ಯಾತ್ಮರಿಗೆ ತಿಳಿದಿತ್ತು. ಒಗೆದದ್ದು ಯಾರ ಬಟ್ಟೆ ಅನ್ನುವುದಷ್ಟೇ ಪ್ರಶ್ನೆ.

ಸ್ವಂತ ವಾಸದ ಮನೆಗೆ ಹತ್ತು ಲಕ್ಷದೊಳಗೆ ಖರ್ಚಾದರೆ ಸೆಸ್ ಇಲ್ಲ ಅಂತ ಒಂದು ರಿಯಾಯಿತಿ 1996ರ ಆ ಕಾಯ್ದೆಯಲ್ಲಿತ್ತು. ನನ್ನ ಮನೆಯ ಖರ್ಚು ಒಂಬತ್ತು ಲಕ್ಷದ ತೊಂಬತ್ತೈದು ಸಾವಿರ. ಕಾಗದದಲ್ಲಿ. ನಗಬೇಡಿ, ನಿಮ್ಮದೂ ಅಷ್ಟೇ ಇರುತ್ತದೆ. ಸಾವಿರ ಚದರಡಿಯ ಆರ್‌ಸಿಸಿ ಮನೆಯನ್ನು ಆ ದುಡ್ಡಿನಲ್ಲಿ ಮುಗಿಸುವ ಪವಾಡವನ್ನು ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಮಾಡಿಲ್ಲ. ಅದೇ ಬಾಯಲ್ಲಿ ನಾನು ಕಾಕಾನಿಗೆ ಉಪದೇಶ ಮಾಡಿದೆ: ‘ಲೇಬರ್ ಕಾರ್ಡ್ ಮಾಡಿಸ್ಕೊ ಕಾಕಾ, ಮಕ್ಕಳ ಓದಿಗೆ ಕೊಡ್ತಾರ, ಅರವತ್ತಕ್ಕ ಪಿಂಚಣಿ ಬರ್ತದ.’

ಕಾರ್ಡಿಗೆ ಒಂದು ವರ್ಷದೊಳಗೆ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ವರ್ಷದ ಅಷ್ಟೂ ದಿನ ಮಾಡುವವನಿಗೆ ಇದು ದೊಡ್ಡ ಸಮಸ್ಯೆ. ಹದಿನೈದು ಮಾಲೀಕರ ಮನೆಯಲ್ಲಿ ಆರಾರು ದಿನ ಮಾಡಿದ್ದಾನೆ, ಹದಿನೈದು ಮಂದಿಯ ಸಹಿಗೆ ಹದಿನೈದು ಸಲ ಹೋದರೆ ಅಷ್ಟು ದಿನದ ಕೂಲಿ ಹೋಯಿತು. ಒಂದು ದಿನವೂ ಕರಣಿ ಹಿಡಿಯದವನಿಗೆ ಮಾತ್ರ ಓಡಾಡಲು ಪುರಸೊತ್ತಿರುತ್ತದೆ, ಹಾಗಾಗಿ ಕಾರ್ಡೂ ಅವನಿಗೇ ಮೊದಲು ಸಿಗುತ್ತದೆ. ಇಂಥ ನಕಲಿ ಕಾರ್ಡುಗಳನ್ನು ಲಕ್ಷಗಟ್ಟಲೆ ರದ್ದು ಮಾಡಿದ್ದಾಗಿ ಇಲಾಖೆಯೇ ಹೇಳಿಕೊಂಡಿದೆ. ಕಾರ್ಮಿಕ ಹೌದೋ ಅಲ್ಲವೋ ತಿಳಿಯಲು ಅಷ್ಟು ತನಿಖೆ ಯಾಕೆ ಬೇಕಿತ್ತೋ. ಕೈ ಮುಟ್ಟಿ ನೋಡಿದ್ದರೆ ಸಾಕಿತ್ತು.

ಆದರೆ ಈಗ ಕೈಯನ್ನು ಮನುಷ್ಯರು ಮುಟ್ಟಿ ನೋಡುವುದಿಲ್ಲ, ಮಷಿನ್ ನೋಡುತ್ತದೆ. ಹಸಿ ಸಿಮೆಂಟು ಖಾರಕ್ಕಿಂತ ಕೆಟ್ಟದ್ದು, ಚರ್ಮ ತಿನ್ನುತ್ತದೆ. ಮೂವತ್ತು ವರ್ಷ ಮಾಲು ಕಲಸಿದ ಕಾಕಾನ ಬೆರಳ ತುದಿಯಲ್ಲಿ ಗೆರೆಗಳೇ ಇಲ್ಲ. ನುಣ್ಣಗೆ, ಗಿಲಾವ್ ಮಾಡಿದ ಗೋಡೆಯ ಹಾಗೆ. ಒಂದು ಸೋಮವಾರ ಆಧಾರ್ ಹೊಂದಿಸಲು ಹೋಗಿ ಹೆಬ್ಬೆಟ್ಟು ಒತ್ತಿದ, ಮಷಿನ್ ಕೆಂಪು ತೋರಿಸಿತು. ಕೈ ತೊಳೆದು ಬಾ ಅಂದರು, ತೊಳೆದು ಬಂದ. ಎಣ್ಣೆ ಹಚ್ಚಿ ಬಾ ಅಂದರು, ಹಚ್ಚಿದ. ಹತ್ತೂ ಬೆರಳು ಸರದಿಯಲ್ಲಿ ಒತ್ತಿಸಿದರು. ಕೊನೆಗೆ ಆಪರೇಟರ್ ಹುಡುಗ, ‘ಎಂಟು ದಿನ ಕೆಲಸ ಬಿಡು ಕಾಕಾ, ಗೆರಿ ಮೂಡ್ತಾವ, ಆಮ್ಯಾಲ ಬಾ’ ಅಂದನಂತೆ. ಕಟ್ಟಡ ಕಾರ್ಮಿಕನೆಂದು ಸಾಬೀತು ಮಾಡಲು ಕಟ್ಟಡದ ಕೆಲಸ ಬಿಡಬೇಕು. ಓದು ಬರದವನನ್ನು ನಾವು ಹೆಬ್ಬೆಟ್ಟು ಅಂತ ಆಡಿಕೊಳ್ಳುತ್ತಿದ್ದೆವು. ಹೆಬ್ಬೆಟ್ಟೂ ಇಲ್ಲದವನಿಗೆ ಏನನ್ನಬೇಕೋ ಇನ್ನೂ ಶಬ್ದ ಹುಟ್ಟಿಲ್ಲ.

ಇತ್ತ ನನ್ನ ಸ್ಲ್ಯಾಬ್ ಮಾತ್ರ ರಾಜಕುಮಾರನಂತೆ ಬೆಳೆಯಿತು. ಮೇಲೆ ಮಣ್ಣಿನ ಬದು ಕಟ್ಟಿ ಮಡಿ ಮಾಡಿ ನೀರು ನಿಲ್ಲಿಸಿದೆವು. ಏಳು ದಿನ ಸಾಕು, ಬಿಸಿಲಿದ್ದರೆ ಹತ್ತು ಅಂತ ಪುಸ್ತಕದಲ್ಲಿದೆ, ನಾನು ಹದಿನಾಲ್ಕು ದಿನ ನಿಲ್ಲಿಸಿದೆ. ಊರಿಗೆ ನಾಲ್ಕು ದಿನಕ್ಕೊಮ್ಮೆ ನಳ ಬಿಡುತ್ತಿದ್ದರು, ಅದಕ್ಕೆ ಟ್ಯಾಂಕರ್ ತರಿಸಿದೆ. ರಾತ್ರಿ ಮೂರು ಗಂಟೆಗೆ ಎದ್ದು ಬ್ಯಾಟರಿ ಹಿಡಿದು ಮೇಲೆ ಹೋಗಿ ಒಣಗಿದೆಯೇನೋ ಅಂತ ನೋಡಿ ಬರುತ್ತಿದ್ದೆ. ನನ್ನ ಮಗನಿಗೆ ಟೈಫಾಯಿಡ್ ಬಂದಾಗಲೂ ಇಷ್ಟು ಸಲ ಎದ್ದಿರಲಿಲ್ಲ ಅಂತ ಹೆಂಡತಿ ಅಂದಳು.

ಹದಿನೈದನೇ ದಿನ ಸೆಂಟ್ರಿಂಗ್ ಬಿಚ್ಚುವುದಿತ್ತು. ಎಂಟಕ್ಕೆ ಬಾ ಅಂದಿದ್ದೆ, ಕಾಕಾ ಬಂದದ್ದು ಹನ್ನೊಂದೂವರೆಗೆ. ಅಂಗಿಯ ಮೇಲೆ ಸೊಂಟದ ಪಟ್ಟಿ ಕಟ್ಟಿಕೊಂಡಿದ್ದ. ಬೆಳಗ್ಗೆ ಮತ್ತೊಮ್ಮೆ ಹೆಬ್ಬೆಟ್ಟು ಒತ್ತಿ ಬರಲು ಹೋಗಿದ್ದನಂತೆ. ಮತ್ತೆ ಕೆಂಪೇ. ಹಲಗೆ ಕಳಚಿದವು, ಆಧಾರದ ಬೊಂಬುಗಳು ಒಂದೊಂದಾಗಿ ಬಂದವು. ಇಂಜಿನಿಯರ್ ಹುಡುಗ ಸಣ್ಣ ಸುತ್ತಿಗೆ ತೆಗೆದುಕೊಂಡು ಕೆಳಗಿನಿಂದ ಅಲ್ಲಲ್ಲಿ ಬಡಿದು, ಕಿವಿಗೊಟ್ಟು ಕೇಳಿದ. ಠಣ್, ಠಣ್. ‘ಪಾಸ್ ಸರ್, ಒಳಗ ಎಲ್ಲೂ ಟೊಳ್ಳಿಲ್ಲ’ ಅಂದ. ನನಗೆ ಅಷ್ಟು ಹಗುರಾಯಿತು.

ಕಾಕಾ ಬೊಂಬುಗಳನ್ನು ಗೋಡೆಗೆ ಒರಗಿಸುತ್ತಿದ್ದವನು ತಿರುಗಿ, ‘ಸಾಹೇಬ್ರ, ನಂದೂ ಒಂದ್ ಸಲ ಬಡದ್ ನೋಡ್ರಿ’ ಅಂದ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಸಂಜೆ ಎಲ್ಲರ ಲೆಕ್ಕ ಚುಕ್ತಾ ಮಾಡುವಾಗ ಡೈರಿಯಲ್ಲಿ ಅವನ ಹೆಸರಿನ ಮುಂದೆ ಅರ್ಧ ಹಾಜರಿ ಬರೆದೆ.